ಹಾಲೆ ಮರದ ನಾಮಮೀಮಾಂಸೆ

ಚನ್ನಪಟ್ಟಣದ ಬೊಂಬೆಗಳಿಗೆ ಮೈಯಾಗುವ ಹಾಲೆ ಮರಕ್ಕೆ ಶಾಸ್ತ್ರದಲ್ಲಿ ರೈಟಿಯ ಟಿಂಕ್ಟೋರಿಯ ಎಂದು ಹೆಸರು. ಕಣಗಿಲೆಯ ಕುಟುಂಬದ್ದು, ಎಲೆ ಚಿವುಟಿದರೆ ಹಾಲು, ಜೋಡಿ ಕಾಯಿಗಳ ತುದಿ ಒಂದಕ್ಕೊಂದು ಅಂಟು, ಬೀಜಕ್ಕೆ ರೇಷ್ಮೆಯ ಜುಟ್ಟು. ಮಾಗಡಿಯ ಸಾವನದುರ್ಗದ ಕಾಡಿನಲ್ಲೂ ಇದೆ. ಇಷ್ಟರಲ್ಲಿ ಪಂಡಿತರಿಗೆ ತಕರಾರಿಲ್ಲ. ಆದಕಾರಣ ಪ್ರಬಂಧಕ್ಕೆ ಇದರಿಂದ ಪ್ರಯೋಜನವೂ ಇಲ್ಲ.

ತಕರಾರು ಹೆಸರಿನದು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಮಹಾಶಯ ಈ ಮರವನ್ನು ಕಣಗಿಲೆಯ ಕುಲದಲ್ಲೇ ಕೂರಿಸಿ, ಎಲೆಯಿಂದ ನೀಲಿ ಹುಟ್ಟುವುದನ್ನು ಕಂಡು ‘ಬಣ್ಣದ’ ಎಂಬ ವಿಶೇಷಣ ದಯಪಾಲಿಸಿದ. ಆಮೇಲೆ ರಾಬರ್ಟ್ ಬ್ರೌನ್ ಕುಲ ಕೆಡಿಸಿ, ಜಮೈಕಾದಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ವಿಲಿಯಂ ರೈಟ್‌ನ ಹೆಸರಿಟ್ಟ. ಚನ್ನಪಟ್ಟಣದ ಕಡೆಯ ಕೆಂಗಲ್ ಹನುಮಂತರಾಯನ ಸೀಮೆಯ ಮರ ಹೀಗೆ ಜಮೈಕಾ ಡಾಕ್ಟರರ ಖಾತೆಗೆ ಬಿತ್ತು. ವಿಶೇಷಣದ ಪಾಡೂ ಅಷ್ಟೇ. ಲೇತಿನ ಮೇಲೆ ತಿರುಗುವ ಈ ‘ಬಣ್ಣದ’ ಮರ ಬೆಳ್ಳಗಿದೆ ಎಂಬುದೇ ಚನ್ನಪಟ್ಟಣದವರಿಗೆ ಪ್ರಿಯ; ಅರಗಿನ ಬಣ್ಣ ಹತ್ತಿಸಿ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬಣ್ಣ ಕೊಡುವವನೆಂದು ಪ್ರಸಿದ್ಧನಾದವನು ಇಲ್ಲಿ ಬಳಿಸಿಕೊಳ್ಳುತ್ತಾನೆ.

ಪೆರುವಿನ ಮೆಣಸಿನ ಮರದ ಕಥೆ ಇದಕ್ಕಿಂತ ಕಡೆ. ಸ್ಕೈನಸ್ ಮೊಲ್ಲೆ ಎಂಬ ಅದು ಮೆಣಸಿನ ಬಳ್ಳಿಗೆ ನಂಟನೇ ಅಲ್ಲ, ಮಾವು ಗೇರುಗಳ ದಾಯಾದಿ. 1753ರಲ್ಲಿ ಲಿನೇಯಸ್ ಅದರ ಕುಲಕ್ಕೆ ಗ್ರೀಕರ ಬೇರೊಂದು ಮರದ ಹೆಸರನ್ನೂ ಪ್ರಭೇದಕ್ಕೆ ಕೆಚುವಾ ಜನ ಕರೆಯುವ ‘ಮುಲ್ಲಿ’ಯನ್ನೂ ಗಂಟು ಹಾಕಿದ.

ಆದ್ಯತಾ ನಿಯಮದ ಪ್ರಕಾರ, ಕ್ರಮಬದ್ಧವಾಗಿ ಮೊದಲು ಅಚ್ಚಾದ ಹೆಸರೇ ಊರ್ಜಿತ. ಚನ್ನಪಟ್ಟಣದ ನೆರೆಯ ರಾಮನಗರದಲ್ಲಿ ಈ ನಿಯಮ ತಲೆಕೆಳಗಾಗಿ ನಡೆಯುತ್ತದೆ. ಟಿಪ್ಪುವಿನ ಕಾಲದ ಶಂಶೇರಾಬಾದು ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಕ್ಲೋಸ್‌ಪೇಟೆಯಾಯಿತು, ಬಳಿಕ ರಾಮನಗರ. 1975ರ ‘ಶೋಲೆ’ಯಲ್ಲಿ ಅಲ್ಲಿನ ಬಂಡೆಗಳು ರಾಮಗಢದ ಪಾತ್ರ ಮಾಡಿದವು. 2007ರಲ್ಲಿ ರಾಮನಗರವೇ ಜಿಲ್ಲೆಯ ಹೆಸರಾಯಿತು, 2025ರಲ್ಲಿ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಸಸ್ಯಶಾಸ್ತ್ರದಲ್ಲಿ ಹಳತು ಗೆಲ್ಲುತ್ತದೆ, ಸಚಿವ ಸಂಪುಟದಲ್ಲಿ ಹೊಸತು. ಕನಕಪುರದವರು ಒಂದೇ ಊರಿನಲ್ಲಿದ್ದುಕೊಂಡು ಬೆಂಗಳೂರು, ಬೆಂಗಳೂರು ಗ್ರಾಮಾಂತರ, ರಾಮನಗರ, ಬೆಂಗಳೂರು ದಕ್ಷಿಣ ಎಂಬ ನಾಲ್ಕು ಜಿಲ್ಲೆಗಳನ್ನು ಸುತ್ತಿಬಂದಿದ್ದಾರೆ. ಭೂವಿಜ್ಞಾನಿಗಳು ಮಾತ್ರ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲಿಗೆ ಗೆಜೆಟ್ ತಲುಪುವುದು ತಡ.

ದೇಶೀ ನಾಮವೂ ನಿರ್ದೋಷವಲ್ಲ. ಕನ್ನಡದಲ್ಲಿ ಇನ್ನೊಂದು ಹಾಲೆಯಿದೆ, ಅದೂ ಹಾಲು ಸುರಿಸುತ್ತದೆ: ಆಲ್ಸ್ಟೋನಿಯ ಸ್ಕೋಲಾರಿಸ್. ಕುಲಕ್ಕೆ ಹೆಸರಿಟ್ಟವನು ಮತ್ತೆ ಅದೇ ಬ್ರೌನ್, ಹೆಸರು ಎಡಿನ್‌ಬರೋದ ಪ್ರಾಧ್ಯಾಪಕ ಆಲ್ಸ್ಟನ್‌ನದು; ಹಲಗೆ ಶಾಲಾಮಕ್ಕಳ ಬರವಣಿಗೆಗೆ ಒದಗುತ್ತಿತ್ತೆಂದು ‘ಸ್ಕೋಲಾರಿಸ್’. ಒಂದು ಹಾಲೆ ಆಟಕ್ಕೆ, ಇನ್ನೊಂದು ಪಾಠಕ್ಕೆ. ಎರಡನ್ನೂ ಬೇರ್ಪಡಿಸಲು ಎಲೆ ಎಣಿಸಬೇಕು: ಎದುರುಬದುರು ಎರಡಿದ್ದರೆ ಬೊಂಬೆಯದು, ಸುತ್ತಲೂ ಏಳರವರೆಗೆ ಇದ್ದರೆ ಹಲಗೆಯದು. ಈಚೆಗೆ ಚನ್ನಪಟ್ಟಣದ ಬೊಂಬೆಗಳಿಗೆ ರಬ್ಬರ್ ಮರವನ್ನೂ ಬಳಸುತ್ತಾರೆ. ಹಾಲೇ ಲಕ್ಷಣವೆಂದರೆ ಅದನ್ನೂ ಹಾಲೆಯೆನ್ನಬೇಕಾದೀತು.