ಉಬ್ಬುರೊಟ್ಟಿ ಮೀಮಾಂಸೆ

ಕಾಫಿ ಸೀಮೆಯ ರಾತ್ರಿಯೂಟವೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಶುರುವಾಗಿ ಮಕ್ಕಳ ಜಗಳದಲ್ಲಿ ಮುಗಿಯುತ್ತಿದ್ದ ನಿತ್ಯಕರ್ಮ. ಇದರ ಆಕರಗಳೆಲ್ಲ ಬಾಯಿಮಾತಿನವು. ಆ ಬಾಯಿಗಳಲ್ಲಿ ಆಗ ತುತ್ತೂ ಇತ್ತೆಂಬುದನ್ನು ಸಂಶೋಧಕರು ಮರೆಯಬಾರದು.

ಮೊದಲು ಕಾಲನಿರ್ಣಯ. ನೆನಪಿನಲ್ಲಿ ಉಳಿದ ಊಟಗಳೆಲ್ಲ ಮಳೆಗಾಲದಲ್ಲೇ ನಡೆದಿವೆ. ಬೇಸಗೆಯಲ್ಲಿ ಈ ಸೀಮೆಯವರು ಉಣ್ಣುತ್ತಿದ್ದರೆಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಮನೆಮಂದಿಯೆಲ್ಲ ಒಲೆಯ ಸುತ್ತ ಸೇರುತ್ತಾರೆ, ಕಾರಣ ಇಷ್ಟೇ. ನವೆಂಬರಿನಿಂದ ಕಾಫಿ ಕುಯ್ಲು. ದೊಡ್ಡವರು ಹಣ್ಣು ಅಳೆಸಿ, ಆಳುಗಳ ಲೆಕ್ಕ ಬರೆದು ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದರಾಗಿ ಆ ತಿಂಗಳುಗಳು ಚರಿತ್ರೆಯಿಂದ ಬಿಟ್ಟುಹೋಗಿವೆ.

ದ್ರವ್ಯವಿಚಾರದಲ್ಲಿ ಗಮನಾರ್ಹ ಸಂಗತಿಯೆಂದರೆ, ಬಹುಪಾಲು ಪದಾರ್ಥಗಳು ಮೂಲತಃ ತಿನ್ನಲಾಗದವು. ಕಳಲೆಯಲ್ಲಿ ಸಯನೈಡಿನ ಅಂಶವಿರುವುದರಿಂದ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಬೇಕು. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳು ಗಂಟಲು ತುರಿಸುತ್ತದೆ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಬೀಳುವುದು ಅದಕ್ಕೇ. ನೇರ ತಿನ್ನಬಹುದಾದ ಬಂಗುಡೆ ಮೀನೋ, ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರಬೇಕು. ಜೂನ್, ಜುಲೈನಲ್ಲಿ ಕಡಲಿನ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧವಿರುವುದರಿಂದ, ಮೀನು ತಿನ್ನುವ ಮನೆಗಳಲ್ಲಿ ಆಗ ಒಲೆಯ ಮೇಲಿನ ಅಟ್ಟದ ಒಣಮೀನೇ ಗತಿ. 2019ರ ಆಗಸ್ಟಿನಲ್ಲಿ ಘಾಟಿಯೇ ಕುಸಿದು ಸಂಚಾರ ನಿಂತಾಗ ಅಟ್ಟದ ದೂರದೃಷ್ಟಿ ಇನ್ನೊಮ್ಮೆ ರುಜುವಾತಾಯಿತು.

ಇನ್ನು ಶಾಸ್ತ್ರದ ತಿರುಳಾದ ಅಕ್ಕಿರೊಟ್ಟಿ. ಕುದಿವ ನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಬಿಸಿಯಿದ್ದಾಗಲೇ ನಾದಿ ತಟ್ಟಿ, ಕಾವಲಿಯ ಮೇಲೆ ಎರಡೂ ಮಗ್ಗುಲು ಬಾಡಿಸಿ, ಆಮೇಲೆ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಾರೆ. ಒಳಗಿನ ತೇವ ಆವಿಯಾಗಿ ಪದರಗಳನ್ನು ಬಿಡಿಸುತ್ತದೆ. ರೊಟ್ಟಿ ಪೂರಿಯಂತೆ ಉಬ್ಬುತ್ತದೆ. ಅಂಚಿನಲ್ಲಿ ಸಾಸಿವೆಯಷ್ಟು ತೂತಿದ್ದರೂ ಆವಿ ಸೋರಿ ಚಪ್ಪಟೆ. ಎರಡರ ರುಚಿಯೂ ಒಂದೇ. ಆದರೆ ಉಬ್ಬಿದ್ದನ್ನು ಬೆರಳಿನಿಂದ ಚುಚ್ಚಿ ಬುಸ್ಸೆನ್ನಿಸಿ ಒಳಗೆ ಬೆಣ್ಣೆ ಇಡಬಹುದು, ಚಪ್ಪಟೆಯದರ ಮೇಲೆ ಬರೀ ಸವರಬಹುದು. ಈ ಭೇದದಿಂದಲೇ ಪಂಥಗಳು ಹುಟ್ಟಿದವು.

ಪೂರ್ವಪಕ್ಷ ಅಣ್ಣಂದಿರದು: ಕಿರಿಯನೆಂಬ ಮುದ್ದಿನಿಂದ ಉಬ್ಬಿದ್ದೆಲ್ಲ ತಮ್ಮನ ತಟ್ಟೆಗೆ ಬೀಳುತ್ತಿತ್ತು. ತಮ್ಮಂದಿರ ಪ್ರತಿವಾದ: ಒಲೆಯ ಪಕ್ಕದ ಮಣೆ ಅಣ್ಣನದಾದ್ದರಿಂದ ರೊಟ್ಟಿ ಕೆಂಡದಿಂದ ನೇರ ಅವನಿಗೇ ಜಾರುತ್ತಿತ್ತು. ಅಕ್ಕಂದಿರು ಇಬ್ಬರನ್ನೂ ಖಂಡಿಸಿ, ತಟ್ಟಿದ್ದು ತಾವು, ತಿಂದದ್ದು ಇವರು ಎನ್ನುತ್ತಾರೆ. ಈ ಮೂರನೆಯ ಮತಕ್ಕೆ ಕೈಯ ಸುಟ್ಟ ಕಲೆ ಪ್ರತ್ಯಕ್ಷ ಪ್ರಮಾಣವಾಗಿರುವುದರಿಂದ ಉಳಿದೆರಡು ಪಂಥಗಳು ಅದನ್ನು ಚರ್ಚೆಗೇ ಎತ್ತಿಕೊಳ್ಳುವುದಿಲ್ಲ. ಶಬ್ದಪ್ರಮಾಣವಾಗಬೇಕಿದ್ದ ಅವ್ವ ಕೇಳಿದಾಗಲೆಲ್ಲ, "ನಾನು ಉಂಡ್ನೋ ಇಲ್ವೋ ಅಂತ ಯಾವನಾದ್ರೂ ನೋಡಿದ್ನೇನ್ರೋ?" ಎಂದು ಬೇರೊಂದು ಪ್ರಶ್ನೆಯನ್ನೇ ಎತ್ತುತ್ತಾಳೆ. ಆ ಬಗ್ಗೆ ಯಾವ ಪಂಥದಲ್ಲೂ ಮಾಹಿತಿಯಿಲ್ಲ. ಕಳಸ ಮೂಡಿಗೆರೆಯಿಂದ ಬೇರೆಯಾಗಿ ತಾಲೂಕೇ ಆಯಿತು, ರೊಟ್ಟಿಯ ಗಡಿತಂಟೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಊಟ ಮುಗಿದ ಮೇಲೆ ಅಂಗಳಕ್ಕಿಳಿದು ಕೈ ತೊಳೆಯುವ ವಿಧಿ ಅಲ್ಲಿನ ಕತ್ತಲು, ಇಂಬಳ ಮತ್ತು ದೆವ್ವಗಳಿಗೆ ಸಂಬಂಧಿಸಿದ್ದು. ಅಜ್ಜಿಯ ಕಥೆಗಳ ದೆವ್ವಗಳು ಮಕ್ಕಳು ಅನ್ನ ಬಿಟ್ಟ ದಿನವೇ ಬರುತ್ತಿದ್ದವೆಂಬುದಷ್ಟೇ ಇಲ್ಲಿ ಪ್ರಸ್ತುತ.

ಈಗ ಗ್ಯಾಸಿನ ಒಲೆಯ ಉರಿಯ ಮೇಲೂ ರೊಟ್ಟಿ ಉಬ್ಬುತ್ತದೆ. ನೆನಪಿನ ಪಂಡಿತರು ಅದನ್ನು ಒಪ್ಪುವುದಿಲ್ಲ. ಹೋಮ್‌ಸ್ಟೇಗಳಲ್ಲಿ ಬೆಂಗಳೂರಿನ ಅತಿಥಿಗಳಿಗೆ "ಮಲೆನಾಡ ಮನೆಯೂಟ" ಬಡಿಸುವಾಗ ಪ್ರತಿಯೊಬ್ಬರಿಗೂ ಉಬ್ಬಿದ ರೊಟ್ಟಿಯೇ ಸಿಗುವುದರಿಂದ ಯಾರೂ ಜಗಳವಾಡುವುದಿಲ್ಲ. ಹಾಗಾಗಿ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.