ಧಾರವಾಡದ ಜೇನು

ಜಮಖಂಡಿ ಹತ್ತಿರ ಕಬ್ಬಿನ ನಡುವೆ ನಮ್ಮ ಸೋದರಮಾವನ ತೋಟದ ಮನೆ. ಲೈನಿನ ಕರೆಂಟು ಅಲ್ಲಿಯತನಕ ಬಂದಿಲ್ಲ. ಮಾಳಿಗೆ ಮೇಲೆ ಸೋಲಾರ್ ಪ್ಲೇಟು, ಪಡಸಾಲೆಯ ಒಂದು ಮೂಲೆಗೆ ಬ್ಯಾಟರಿ, ಎದುರು ಮೂಲೆಗೆ ಇನ್ವರ್ಟರ್. ಮಾವನಿಗೆ ಊಟ ತಡವಾದರೂ ನಡೆದೀತು, 765 ಕಿಲೋಹರ್ಟ್ಸಿನ ಧಾರವಾಡ ಆಕಾಶವಾಣಿ ತಪ್ಪಬಾರದು. ಅತ್ತೆ ಫ್ಯಾನ್ ಹಾಕಿದಳೋ, ರೇಡಿಯೋ ಗುಂಯ್ ಅನ್ನುತ್ತಿತ್ತು. "ಧಾರವಾಡದಾಗ ಜೇನು ಎದ್ದಾವೇನೋ?" ಎನ್ನುತ್ತಿದ್ದ ಮಾವ.

ಬೀಳಗಿಯ ಬೀಗರು ಆಲಮಟ್ಟಿ ಹಿನ್ನೀರಿನ ತೇವ ಅಂದರು. ಹೊಲ ಮುಳುಗಿದವರು, ಅವರ ಪಾಲಿಗೆ ನೆಗಡಿಗೂ ಅದೇ ಕಾರಣ. ಮುಧೋಳದ ಭಾವ ರೇಡಿಯೋವನ್ನೇ ತಿರುಗಿಸಿ ನೋಡಿದ. ಒಳಗಿನ ಫೆರೈಟ್ ಕಡ್ಡಿ ತನ್ನ ತುದಿ ತೋರಿಸಿದ ದಿಕ್ಕಿಗೆ ಕಿವುಡು, ಹಾಗಾಗಿ ಗದ್ದಲ ಇಳಿಯಿತು. ಜೊತೆಗೆ ಧಾರವಾಡವೂ ಹೋಯಿತು.

ಕೊನೆಗೆ ಬಂದವನು ಬನಹಟ್ಟಿಯ ಅಳಿಯ, ಮಗ್ಗದ ಮನೆತನದವ. ಗೋಡೆ ನೋಡಿ ನಕ್ಕ. ಸೋಲಾರ್ ಕೂಡಿಸಿದ ಪುಣ್ಯಾತ್ಮ ಶಾರ್ಟ್ ಆದೀತೆಂದು ಅಂಜಿ, ಕೆಂಪು ವಾಯರನ್ನು ನೆಲಗುಂಟ, ಕರಿ ವಾಯರನ್ನು ತೊಲೆಗುಂಟ ಎಳೆದಿದ್ದ. ನಡುವೆ ಅಜ್ಜನ ಫೋಟೋ, ಸಕ್ಕರೆ ಕಾರ್ಖಾನೆ ಕ್ಯಾಲೆಂಡರು, ರೇಡಿಯೋದ ಗೂಡು. "ಮಾವಾ, ಇದು ವಾಯರಿಂಗ್ ಅಲ್ಲ, ಗೋಡೆ ತುಂಬ ಏರಿಯಲ್!"

ಮನೆಗೆ 50 ಹರ್ಟ್ಸಿನ ಕರೆಂಟು ಕೊಡಲು ಇನ್ವರ್ಟರ್ ಬ್ಯಾಟರಿಯಿಂದ ಎಳೆಯುವ ಕರೆಂಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅದರ ಮೇಲೆ ಒಳಗಿನ ಸ್ವಿಚ್ಚುಗಳ ಸಾವಿರಗಟ್ಟಲೆ ಪಟಪಟ. ಭಾರವೂ ಕಮ್ಮಿಯಲ್ಲ: 12 ವೋಲ್ಟಿನಲ್ಲಿ 600 ವ್ಯಾಟ್ ಬೇಕೆಂದರೆ 50 ಆಂಪಿಯರ್ ಹರಿಯಬೇಕು. ಹೋಗುವ ವಾಯರು, ಬರುವ ವಾಯರು ದೂರದೂರ ಇದ್ದಷ್ಟೂ ನಡುವಿನ ಜಾಗಕ್ಕೆಲ್ಲ ಕಾಂತಕ್ಷೇತ್ರದ ಕಾಟ. ಮೈಗೆ ಮೈ ಹಚ್ಚಿ ನಡೆದರೆ ಒಂದರದನ್ನು ಇನ್ನೊಂದು ಅಳಿಸುತ್ತದೆ. ಇನ್ಸುಲೇಶನ್ ನೆಟ್ಟಗಿದ್ದರೆ ಅಂಜಿಕೆ ಯಾಕೆ?

ಅಳಿಯ ಫ್ಯೂಸ್ ತೆಗೆದು ವಾಯರು ಕಳಚಿದ. ಇನ್ವರ್ಟರನ್ನು ಬ್ಯಾಟರಿ ಪಕ್ಕದ ಗೋಡೆಗೆ ತಂದ. ಚಾರ್ಜಿನಲ್ಲಿ ಗ್ಯಾಸ್ ಏಳುತ್ತದೆಂದು ನೇರ ಮೇಲಕ್ಕೆ ಇಡಲಿಲ್ಲ. ವಾಯರನ್ನು ಮೋಟು ಮಾಡಿ, ಒಂದು ತುದಿ ಭಾವನ ಕೈಗೆ ಕೊಟ್ಟು ಹುರಿ ಹಾಕತೊಡಗಿದ. ರೇಶಿಮೆ ಎಳೆಗೆ ಪಳಗಿದ ಕೈ ಬೆರಳು ದಪ್ಪದ ತಾಮ್ರಕ್ಕೆ ಬೆವೆತಿತು. ಆಮೇಲೆ ಎರಡನ್ನೂ ಕೂಡಿಯೇ ಒಂದು ಫೆರೈಟ್ ಉಂಗುರದೊಳಗೆ ತೂರಿಸಿದ. ಫ್ಯಾನ್ ತಿರುಗಿತು, ಧಾರವಾಡ ಸ್ವಚ್ಛ!

ಮಿಕ್ಸರ್ ಹಾಕಿದಾಗ ಮಾತ್ರ ಮತ್ತೆ ಗೊರಗೊರ. ಅದು ಮೋಟರಿನ ಬ್ರಶ್ಶಿನ ಕಿಡಿ, ಬ್ಯಾಟರಿ ವಾಯರಿನ ಹುರಿ ಅದಕ್ಕೆ ನಾಟುವುದಿಲ್ಲ ಅಂದ ಅಳಿಯ. ಹೀಗಾಗಿ ವಾರ್ತೆಯ ಹೊತ್ತಿಗೆ ಶೇಂಗಾ ಚಟ್ನಿ ಒರಳಿಗೆ ಹೋಗಿದೆ. ಕುಟ್ಟುವವನು ಮಾವ, ಅತ್ತೆಯ ಕರಾರು.