ಹೆಬ್ಬೆಯನ್ನು 50 ಕೆಬಿಗೆ ಇಳಿಸುವ ಶಾಸ್ತ್ರ

ಹೆಬ್ಬೆ ಜಲಪಾತ 168 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಬೀಳುತ್ತದೆ: ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. ಪ್ರವಾಸಿಗರು ಇದನ್ನು ಪ್ರಕೃತಿಯ ಸೊಬಗು ಎನ್ನುತ್ತಾರೆ. ನಮ್ಮ ಕ್ಷೇತ್ರದವರು ಒರಿಜಿನಲ್ ಫೈಲ್ ಮತ್ತು ಅದರ ಕಂಪ್ರೆಸ್ ಮಾಡಿದ ಪ್ರತಿ ಎನ್ನುತ್ತೇವೆ.

ನಮ್ಮ ಕ್ಷೇತ್ರ ಎಂದರೆ ಚಿತ್ರ ರೂಪಾಂತರ. ತರೀಕೆರೆಯ ನಮ್ಮ ಬೀದಿಗೆ ಈ ವಿಷಯದಲ್ಲಿ ನಾನೊಬ್ಬನೇ ತಜ್ಞ. ಅರ್ಹತೆ: ಮನೆಯಲ್ಲಿ ಡೆಸ್ಕ್‌ಟಾಪ್ ಇದೆ, ಅದಕ್ಕೆ ಹೊದಿಸಲು ಕಸೂತಿ ಬಟ್ಟೆಯೂ ಇದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಂಗಿಯ ಮಗ ಹೆಬ್ಬೆಗೆ ಹೋಗಿದ್ದ. ಕೆಮ್ಮಣ್ಣುಗುಂಡಿಯಿಂದ ಜೀಪು, ಕಾಫಿ ತೋಟ, ಹಳ್ಳ, ಜಾರು ದಾರಿ. ಬರುವಾಗ ಮೂರು ಇಂಬಳ, ನಲವತ್ತು ಫೋಟೊ ತಂದ. ಇಂಬಳಗಳು ಸುಣ್ಣಕ್ಕೆ ಬಿಟ್ಟವು. ಫೋಟೊಗಳು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ.

“ಮಾವ, ಇವೆಲ್ಲ ಎಚ್‌ಇಐಸಿ. ಫೋಟೊ ಸ್ಪರ್ಧೆಯವರು ಜೆಪೆಗ್ ಕೇಳ್ತಾರೆ. 50 ಕೆಬಿ ದಾಟಬಾರದಂತೆ, ನೀರಿನ ಹನಿ ಹನಿಯೂ ಕಾಣಬೇಕಂತೆ.”

ಐಫೋನು 2017ರಿಂದ ಫೋಟೊಗಳನ್ನು ಎಚ್‌ಇಐಸಿಯಲ್ಲಿ ಉಳಿಸುತ್ತಿದೆ. ಜೆಪೆಗ್‌ನ ಸುಮಾರು ಅರ್ಧ ಜಾಗದಲ್ಲಿ ಅದೇ ಚಿತ್ರ ಹಿಡಿಸುತ್ತದೆ. ಅರ್ಜಿಯಲ್ಲಿ ಮಾತ್ರ ಹಿಡಿಸುವುದಿಲ್ಲ.

ಇಂಥ ಸಂದರ್ಭಕ್ಕೆ ವಿದ್ವಾಂಸರಲ್ಲಿ ಮೂರು ಪಂಥಗಳಿವೆ.

ಮೊದಲನೆಯದು ನಾಮಕರಣ ಪಂಥ. ಫೈಲಿನ ಬಾಲ ಅಳಿಸಿ ‘ಜೆಪಿಜಿ’ ಎಂದು ಬರೆಯುವುದು. ಆದರೆ ಫೈಲಿನ ಮೊದಲ ಬೈಟುಗಳಲ್ಲೇ ಕುಲಗೋತ್ರ ಬರೆದಿರುತ್ತದೆ. ಜೆಪೆಗ್ ಆದರೆ ಎಫ್‌ಎಫ್ ಡಿ8. ಡಬ್ಬಿಗೆ ಕಾಫಿಪುಡಿಯ ಚೀಟಿ ಅಂಟಿಸಿದ ಮಾತ್ರಕ್ಕೆ ಒಳಗಿನ ಚಿಕೋರಿ ಮನಸ್ಸು ಬದಲಾಯಿಸುವುದಿಲ್ಲ.

ಎರಡನೆಯದು ಸ್ಕ್ರೀನ್‌ಶಾಟ್ ಪಂಥ. ಜಲಪಾತ ಬಂತು. ಜೊತೆಗೆ ಬ್ಯಾಟರಿ ಶೇ. 12 ಎಂಬ ಎಚ್ಚರಿಕೆಯೂ, “ಊಟ ಆಯ್ತಾ ಮಗಾ” ಎಂಬ ನನ್ನ ತಂಗಿಯ ಮೆಸೇಜೂ ನೀರಿನ ತುದಿಯಲ್ಲಿ ಬಂದವು.

ಮೂರನೆಯದು ಫ್ಯಾಮಿಲಿ ಗ್ರೂಪ್ ಪಂಥ. ಒಂದು ಗ್ರೂಪಿಗೆ ಹಾಕಿ, ಇಳಿಸಿಕೊಂಡು, ಇನ್ನೊಂದಕ್ಕೆ ಹಾಕುವುದು. 1992ರಲ್ಲಿ ಮಾನಕವಾದ ಜೆಪೆಗ್, ಚಿತ್ರವನ್ನು ಎಂಟು ಚುಕ್ಕಿ ಉದ್ದ, ಎಂಟು ಚುಕ್ಕಿ ಅಗಲದ ಚೌಕಗಳಾಗಿ ಒಡೆದು ಕಣ್ಣಿಗೆ ಅಷ್ಟಾಗಿ ಬೀಳದ ವಿವರಗಳನ್ನು ಎಸೆಯುತ್ತದೆ. ಎಸೆದದ್ದು ಮರಳಿ ಬಾರದು. ಆರು ಗ್ರೂಪು ಸುತ್ತಿ ಬಂದ ಹೆಬ್ಬೆ ಒಗ್ಗರಣೆ ಕಾಣದ ಮೊಸರವಲಕ್ಕಿಯಂತಿತ್ತು. ಕೂಡಲೇ ಅದನ್ನು ಪಿಎನ್‌ಜಿ ಮಾಡಿಸಿದೆ. 1996ರ ಈ ಪದ್ಧತಿ ಒಂದು ಚುಕ್ಕಿಯನ್ನೂ ಕಳೆಯುವುದಿಲ್ಲ. ಮೊಸರವಲಕ್ಕಿ ಒಂದಗುಳೂ ಕಳೆಯದೆ ಉಳಿಯಿತು. ಗಾತ್ರ ಮಾತ್ರ ಹಲವು ಪಟ್ಟಾಯಿತು.

ನಾನು ನಾಲ್ಕನೆಯ ಪಂಥ ಸ್ಥಾಪಿಸುವ ಯೋಚನೆಯಲ್ಲಿದ್ದಾಗ ಅಳಿಯ ಕಸೂತಿ ಬಟ್ಟೆ ಸರಿಸಿ ಇರ್ಫಾನ್‌ವ್ಯೂ ಹಾಕಿದ. 1996ರಿಂದ ಇರುವ ಪುಟ್ಟ ತಂತ್ರಾಂಶ, ಮನೆಬಳಕೆಗೆ ಪುಕ್ಕಟೆ. ಬೇಕಾದ ಪ್ಲಗಿನ್ ಸೇರಿಸಿ, ನಲವತ್ತು ಫೋಟೊಗಳನ್ನು ಒಟ್ಟಿಗೆ ಆರಿಸಿ, ಅಗಲ ತಗ್ಗಿಸಿ, ಗುಣಮಟ್ಟ ಇಳಿಸಿ ಒಂದು ಬಟನ್ ಒತ್ತಿದ. ನನ್ನ ಲೋಟದ ಕಾಫಿ ಇನ್ನೂ ಬಿಸಿಯಿತ್ತು, ಕೆಲಸ ಮುಗಿದಿತ್ತು.

ತಜ್ಞನಾಗಿ ಇದನ್ನು ಖಂಡಿಸುತ್ತೇನೆ. ಕೆಮ್ಮಣ್ಣುಗುಂಡಿಯ ಅದಿರು ಕಬ್ಬಿಣವಾಗಬೇಕಾದರೆ ಬೆಟ್ಟ ಇಳಿದು ಭದ್ರಾವತಿಯ ಕುಲುಮೆಯವರೆಗೆ ಹೋಗಬೇಕಿತ್ತು. ರೂಪ ಬದಲಾಗುವುದೆಂದರೆ ಹಾಗೆ. ಬೆವರು ಸುರಿಯಬೇಕು, ಹೊಗೆ ಏಳಬೇಕು, ಕೊನೆಪಕ್ಷ ಯಾರಾದರೂ “ಸರ್ವರ್ ಇಲ್ಲ, ನಾಳೆ ಬನ್ನಿ” ಅನ್ನಬೇಕು.

ಆದರೂ ದೊಡ್ಡ ಮನಸ್ಸು ಮಾಡಿ ಒಂದು ಸಲಹೆ ಕೊಟ್ಟೆ: “ಕೆಲಸ ಆಯ್ತಲ್ಲ, ಹಳೇ ಎಚ್‌ಇಐಸಿ ಎಲ್ಲ ಅಳಿಸಿಬಿಡು. ಜಾಗ ಉಳಿಯುತ್ತೆ.” ಅಳಿಯ ಹಿರಿಯರ ಮಾತು ಮೀರುವವನಲ್ಲ.

ವಾರದ ಬಳಿಕ ಸ್ಪರ್ಧೆಯವರ ಉತ್ತರ ಬಂತು. ಚಿತ್ರ ಆಯ್ಕೆಯಾಗಿದೆ, ದೊಡ್ಡದಾಗಿ ಮುದ್ರಿಸಬೇಕು, ದಯವಿಟ್ಟು ಒರಿಜಿನಲ್ ಕಳಿಸಿ.

ಚಿಕ್ಕ ಹೆಬ್ಬೆಯನ್ನು ದೊಡ್ಡ ಹೆಬ್ಬೆ ಮಾಡುವ ಬಟನ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಳಿಯ ಮತ್ತೆ ಜೀಪು ಹತ್ತಲು ಹೊರಟಿದ್ದಾನೆ. ಸುಣ್ಣದ ಡಬ್ಬಿ ಕೊಟ್ಟು ಕಳಿಸಿದ್ದೇನೆ.